ಹಳೇ ಬೋರ್ಡಿನ ಹೊಸ ಹುಚ್ಚು

ಶಿರಸಿ ಸೀಮೆಯಲ್ಲಿ ಯಾವ ವಸ್ತುವನ್ನೂ ಹಳೆಯದು ಮಾಡಲು ಮನುಷ್ಯರು ಕಷ್ಟಪಡಬೇಕಾಗಿಲ್ಲ. ಜೂನ್‌ನಲ್ಲಿ ಹೊಸ ಚಪ್ಪಲಿ ತನ್ನಿ, ಆಗಸ್ಟ್ ಹೊತ್ತಿಗೆ ಅದು ಅಜ್ಜನ ಕಾಲದ್ದಾಗಿರುತ್ತದೆ. ಬೆಲ್ಟು, ಬ್ಯಾಗು, ಮದುವೆ ಆಲ್ಬಮ್ಮು, ದೇವರ ಫೋಟೋ ಎಲ್ಲಕ್ಕೂ ಬೂಷ್ಟು. ಕಬ್ಬಿಣಕ್ಕೆ ತುಕ್ಕು, ಮರಕ್ಕೆ ಒರಲೆ, ಗೋಡೆಗೆ ಪಾಚಿ. ಇಂಥ ಊರಲ್ಲಿ ಕೂತು, ದುಡ್ಡು ಕೊಟ್ಟು ಸ್ಯಾಂಡ್‌ಪೇಪರ್ ತಂದು, ಹೊಸ ಹಲಗೆಗೆ ಹಳೇ ಕಳೆ ಬರಿಸಲು ಹೊರಟವಳು ನಾನು. ಮನೆಯವರು ನಕ್ಕರೆ ಅದರಲ್ಲಿ ಅವರ ತಪ್ಪೇನಿಲ್ಲ.

ಹುಚ್ಚು ಹತ್ತಿದ್ದು ಗೋಕರ್ಣದ ಕಡೆ ಒಂದು ಹೋಂಸ್ಟೇಯಲ್ಲಿ. ಅಲ್ಲಿ ಬಾಗಿಲಿಗೊಂದು ಮರದ ಬೋರ್ಡು. ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ಜೋಕಾಲಿಗೂ ಒಂದು. ಎಲ್ಲವೂ ಅರ್ಧ ಬಣ್ಣ ಹೋದಂಥವು. ಅಂಚು ಸವೆದಿತ್ತು, ಅಕ್ಷರ ಮಾಸಿತ್ತು. 'ಇದು ವಿಂಟೇಜ್ ಸ್ಟೈಲ್ ಮೇಡಂ, ಕೈಯಲ್ಲೇ ಪೇಂಟ್ ಮಾಡಿದ್ದು' ಎಂದು ಅಲ್ಲಿಯ ಹುಡುಗ ಹೇಳಿದ. ಬೇಕಾದರೆ ತರಿಸಿಕೊಡುತ್ತೇನೆ ಅಂತ ಒಂದರ ರೇಟೂ ಹೇಳಿದ. ಆ ದುಡ್ಡಿಗೆ ನಮ್ಮ ಮನೆಗೆ ತಿಂಗಳ ಕಿರಾಣಿ ಬರುತ್ತದೆ. ಅಷ್ಟಕ್ಕೂ ಇದರಲ್ಲಿ ಇರುವುದೇನು, ಒಂದು ಹಲಗೆ, ಎರಡು ಬಣ್ಣ. ನಾನೇ ಮಾಡಿದರಾಯ್ತು.

ಹಲಗೆಗೆ ನಮ್ಮಲ್ಲಿ ಬರವಿಲ್ಲ. ಕೊಟ್ಟಿಗೆ ಅಟ್ಟದ ಮೇಲೆ ಒಂದು ಹಲಸಿನ ಹಲಗೆ ಬಿದ್ದಿತ್ತು. ಹಲಸಿನ ಮರ ಕೊಯ್ದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಕಂದುತ್ತಾ ಹೋಗುತ್ತದೆ. ಇದು ಕಂದಿ ಕಂದಿ ಒಳ್ಳೇ ಕಾಫಿ ಬಣ್ಣಕ್ಕೆ ಬಂದಿತ್ತು. ನಡುವೆ ಎರಡು ಮೊಳೆ ತೂತು, ಅದರ ಸುತ್ತ ಕಪ್ಪು ಕಲೆ. ನೋಡಿದರೆ ಮುದ್ದು ಬರುವಂತಿತ್ತು. ಎರಡಡಿ ಉದ್ದಕ್ಕೆ ಕೊಯ್ದುಕೊಡಲು ಪೇಟೆಯ ಆಚಾರಿಯವರಿಗೆ ಕೊಟ್ಟುಬಂದೆ.

ವಾರ ಬಿಟ್ಟು ಹೋದೆ. ಅವರು ಹೆಮ್ಮೆಯಿಂದ ಒಳಗಿಂದ ಒಂದು ಹಲಗೆ ತಂದರು. ಹಳದಿ, ನುಣ್ಣಗೆ, ಮೂಲೆಗಳೆಲ್ಲ ಕಾಟಕೋನಕ್ಕೆ ಸರಿಯಾಗಿ. ಮೊಳೆ ತೂತಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿದ್ದರು. ಬೆರಳಲ್ಲಿ ಹುಡುಕಿದರೂ ತೂತು ಎಲ್ಲಿತ್ತು ಅಂತ ಸಿಗದು.

"ಇದು ನಮ್ಮದಲ್ಲ" ಅಂದೆ.

"ನಿಮ್ಮದೇ ಅಕ್ಕಾ. ಭಾರೀ ಗಲೀಜಿತ್ತು. ಹಾಂಗೇ ಕೊಡೂಕೆ ಮನಸ್ಸು ಬರ್ಲಿಲ್ಲ. ಎರಡೂ ಬದಿ ಕೀಸುಳಿ ಹಾಕಿದೆ."

ಕೊಯ್ದ ಕೂಲಿಗಿಂತ ಕೀಸಿದ ಕೂಲಿಯೇ ಜಾಸ್ತಿ ಆಗಿತ್ತು. ಕೊಟ್ಟೆ. ಚೆನ್ನಾಗಿ ಕೆಲಸ ಮಾಡಿದವರ ಹತ್ತಿರ 'ಯಾಕೆ ಚೆನ್ನಾಗಿ ಮಾಡಿದಿರಿ' ಅಂತ ಜಗಳ ಆಡುವುದು ಹೇಗೆ? ಅದೂ ಶಿರಸಿಯಲ್ಲಿ. ಗಂಧದ ಮರದಲ್ಲಿ ಬಳ್ಳಿಯ ಎಲೆಎಲೆಯನ್ನೂ ಬಿಡಿಸಿ ಕೆತ್ತುವ ಗುಡಿಗಾರರ ಊರಿದು. ಇಲ್ಲಿ ಹೋಗಿ 'ಒರಟಾಗಿರಲಿ, ಚೂರು ಹಾಳಾಗಿರಲಿ' ಅಂತ ಕೇಳಲು ನಾಲಿಗೆ ಏಳುವುದಿಲ್ಲ.

ಸರಿ, ಹೋದ ವಯಸ್ಸನ್ನು ವಾಪಸ್ ತರುವ ಕೆಲಸ ನನ್ನ ಪಾಲಿಗೆ ಬಂತು. ವಿಧಾನ ಕಷ್ಟದ್ದಲ್ಲ. ಮೊದಲು ಹಲಗೆಗೆ ಒಂದು ಗಾಢ ಬಣ್ಣ ಬಳಿಯಬೇಕು. ಒಣಗಿದ ಮೇಲೆ, ಎಲ್ಲೆಲ್ಲಿ ಸವೆದಂತೆ ಕಾಣಬೇಕೋ ಅಲ್ಲಿ ಮೇಣದಬತ್ತಿ ತಿಕ್ಕಬೇಕು. ಅಂಚು, ಮೂಲೆ, ಜನರ ಕೈ ತಾಗುವ ಜಾಗ. ಅದರ ಮೇಲೆ ತಿಳಿ ಬಣ್ಣ. ಮೇಣ ಇದ್ದಲ್ಲಿ ಮೇಲಿನ ಬಣ್ಣ ಹಿಡಿದುಕೊಳ್ಳುವುದಿಲ್ಲ. 120 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಅಲ್ಲಲ್ಲಿ ಎದ್ದುಬಂದು ಕೆಳಗಿನ ಬಣ್ಣ ಇಣುಕುತ್ತದೆ. ಬಣ್ಣ ಬಿರಿದಂತೆ ಕಾಣಬೇಕಾದರೆ ಫೆವಿಕಾಲ್ ಬಳಿದು, ಅದು ಅರ್ಧ ಒಣಗಿ ಅಂಟಂಟಾಗಿರುವಾಗಲೇ ಮೇಲೆ ಅಕ್ರಿಲಿಕ್ ಬಣ್ಣ ಎಳೆಯಬೇಕು. ಒಣಗುತ್ತಾ ತಾನಾಗಿಯೇ ಸೀಳುಬಿಡುತ್ತದೆ.

ನಾನು ಜಗಲಿಯಲ್ಲಿ ಕೂತು ಉಜ್ಜುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಮಾತಿಲ್ಲ.

"ಕೆರ್ಯದೇ ಆದ್ರೆ ಬಳಿಯದು ಎಂತಕ್ಕೆ ಕೂಸೆ?"

ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ನಾನು ಮಾರಿಕಾಂಬೆಯನ್ನು ಎಳೆದು ತಂದೆ. ಶಿರಸಿ ಮಾರಿಕಾಂಬಾ ಗುಡಿ ಕಟ್ಟಿದ್ದು 1688ರಲ್ಲಿ. ಅದರ ಗೋಡೆಯ ಮೇಲೆ ಕೆಂಪು ಬಿಳುಪಿನ ಕಾವಿ ಚಿತ್ರಗಳಿವೆಯಲ್ಲ, ಅದೂ ಕೆರೆದೇ ಮಾಡುವುದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇರುವಾಗ ಚೂಪಾದ ಉಪಕರಣದಲ್ಲಿ ಕೆರೆದರೆ ಕೆಳಗಿನ ಬಿಳುಪು ಗೆರೆಯಾಗಿ ಮೂಡುತ್ತದೆ. ಮೇಲಿನದನ್ನು ತೆಗೆದು ಕೆಳಗಿನದನ್ನು ತೋರಿಸುವ ವಿದ್ಯೆ ನಮ್ಮ ಕಡೆಗೆ ಹೊಸದೇನಲ್ಲ ಅತ್ತೆ, ಅಂದೆ. ಅತ್ತೆ ಭಕ್ತಿಯಿಂದ ಕೇಳಿಸಿಕೊಂಡರು. ಆಮೇಲೆ ನನ್ನ ಹಲಗೆ ನೋಡಿದರು. "ಅಲ್ಲಿ ಕೆರೆದಲ್ಲಿ ದೇವ್ರು ಕಾಣ್ತು" ಎಂದು ಹೇಳಿ ಒಳಗೆ ಹೋದರು.

ಅಕ್ಷರದ ವಿಷಯಕ್ಕೆ ಬರೋಣ. ಬೋರ್ಡಿನಲ್ಲಿ 'ಚಪ್ಪಲಿ ಇಲ್ಲೇ ಬಿಡಿ' ಅಂತ ಬರೆಯುವುದು ಎಂದು ತೀರ್ಮಾನ ಆಗಿತ್ತು. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ನೆಂಟರ ಜೊತೆ ಅರ್ಧ ತೋಟವೂ ಒಳಗೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳು ಶಾಲೆ ಮಕ್ಕಳ ಹಾಗೆ ಒಂದೇ ಸಾಲಲ್ಲಿ ಕೂರುತ್ತವೆ. ಕನ್ನಡದ್ದು ಹಾಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಹಲಗೆ ತುಂಬ ಭರ್ಜರಿಯಾಗಿ ಅಕ್ಷರ ಎಳೆದ ಮೇಲೆ ನೋಡಿದರೆ ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ. 'ಚಪಲಿ ಇಲೇ ಬಿಡಿ' ಅಂತಾಗಿತ್ತು. ಇವರು ಅದನ್ನು ಫೋನಿನಲ್ಲಿ ಫೋಟೋ ತೆಗೆದು ಅಕ್ಕ ತಂಗಿಯರ ಗ್ರೂಪಿಗೆ ಹಾಕಿ ಪುಣ್ಯ ಕಟ್ಟಿಕೊಂಡರು.

ಪೇಟೆಯಲ್ಲಿ ಒಬ್ಬರು ಹಿರಿಯ ಪೇಂಟರ್ ಇದ್ದಾರೆ. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು, ಬಸ್ಸಿನ ಹೆಸರು, ಚುನಾವಣೆ ಗೋಡೆ ಎಲ್ಲ ಅವರದೇ ಕೈ. ಈಗ ಗಾಡಿಗೆ ನಂಬರ್ ಬರೆಯುತ್ತಾರೆ. ಅವರ ಹತ್ತಿರ ಹೋದೆ. ಅವರು ಸೀಮೆಸುಣ್ಣ ತಿಕ್ಕಿದ ದಾರವನ್ನು ಹಲಗೆಯ ಎರಡು ತುದಿಗೆ ಬಿಗಿಹಿಡಿಸಿ, ನಡುವೆ ಎತ್ತಿ 'ಟಪ್' ಅಂತ ಬಿಟ್ಟರು. ಕೂದಲೆಳೆಯಷ್ಟು ನೇರ ಗೆರೆ ಬಿತ್ತು. ಅಂಥವು ಮೂರು ಗೆರೆ. ಮೇಲಿನೆರಡರ ನಡುವೆ ಅಕ್ಷರ, ಕೆಳಗಿನೆರಡರ ನಡುವೆ ಒತ್ತು. ಬರೆಯಲು ಶುರು ಮಾಡಿದ್ದು ಮೊದಲ ಅಕ್ಷರದಿಂದ ಅಲ್ಲ, ನಟ್ಟನಡುವಿನಿಂದ. ಹಾಗೆ ಮಾಡಿದರೆ ಕೊನೇ ಅಕ್ಷರ ಅಂಚಿಗೆ ಹೋಗಿ ಮುದುಡಿಕೊಳ್ಳುವುದಿಲ್ಲವಂತೆ. ಚಪ್ಪಟೆ ಬ್ರಷ್ಷು ಇಟ್ಟಲ್ಲಿಂದ ಎತ್ತುವ ತನಕ ಉಸಿರು ಹಿಡಿದಿದ್ದರು. ನಾನೂ ಹಿಡಿದಿದ್ದೆ, ಸುಮ್ನೆ.

"ಆದರೆ ಅಕ್ಕಾ, ಹಲಗೆ ಬಣ್ಣ ಎದ್ದು ಹೋಗಿದೆ. ಒಂದು ಕೈ ಹೊಡೆದು ಕೊಡ್ಲಾ? ದುಡ್ಡು ಬೇಡ."

ಹಲಗೆಯನ್ನು ಎದೆಗವಚಿಕೊಂಡು ಓಡಿಬಂದೆ.

ಮನೆಗೆ ಬಂದು ಅವರಂತೆಯೇ ಗೆರೆ ಹಾಕಿ, ಎನಾಮಲ್‌ನಲ್ಲಿ ಇನ್ನೊಂದು ಹಲಗೆಗೂ ಅಕ್ಷರ ಬರೆದು ಜಗಲಿಯಲ್ಲಿ ಒಣಗಲು ಇಟ್ಟೆ. ಆವತ್ತೇ ಮೊದಲ ಮಳೆ. ಸಂಜೆ ದೀಪ ಹಾಕಿದ್ದೇ ತಡ, ನೆಲದಿಂದ ಹಾತೆ ಎದ್ದವು. ರೆಕ್ಕೆ ಬಂದ ಒರಲೆ ಹುಳ, ಸಾವಿರಗಟ್ಟಲೆ. ಬೆಳಿಗ್ಗೆ ನೋಡಿದರೆ ಒಂದೊಂದು ಅಕ್ಷರದ ಮೇಲೂ ರೆಕ್ಕೆಗಳ ಹೊದಿಕೆ. ಕೆಲವು ಹುಳ ಹೋಗಿದ್ದವು, ರೆಕ್ಕೆ ಬಿಟ್ಟು. ಕೆಲವು ಹೋಗಿರಲಿಲ್ಲ. 'ಬಿಡಿ' ಅನ್ನುವಲ್ಲಿ ಒಂದು ಇನ್ನೂ ಕಾಲಾಡಿಸುತ್ತಿತ್ತು. ಮರ ತಿನ್ನುವ ಹುಳ ಮರದ ಬೋರ್ಡಿಗೇ ಅಂಟಿಕೊಂಡಿದ್ದಕ್ಕೆ ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯ್ತು ಅನ್ನಿ.

ಮಳೆ ಹಿಡಿದ ಮೇಲೆ ಯಾವುದೂ ಒಣಗಲಿಲ್ಲ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಹಾಕುವ ಗಳದಲ್ಲಿ, ಲಂಗ ಟವೆಲ್ಲುಗಳ ನಡುವೆ ಬೋರ್ಡುಗಳೂ ತೂಗಿದವು. ಆ ತಿಂಗಳು ನಾವೆಲ್ಲ ಹೊಗೆ ಮತ್ತು ಟರ್ಪೆಂಟೈನ್ ವಾಸನೆಯಲ್ಲೇ ಓಡಾಡಿದ್ದೇವೆ.

ಇಷ್ಟೆಲ್ಲ ಆಗಿಯೂ ಬೋರ್ಡಿನಲ್ಲಿ ಏನೋ ಕಡಿಮೆ. ಕೆರೆದಲ್ಲಿ ಹಲಸಿನ ಹೊಸ ಹಳದಿ ಹಲ್ಲು ಕಿಸಿಯುತ್ತಿತ್ತು. ಹಳೇ ಮರದ ಬಣ್ಣಕ್ಕೆ ಚಹಾ ಡಿಕಾಕ್ಷನ್ ಹಚ್ಚಿ, ಮೇಲೆ ಕಬ್ಬಿಣದ ಮೊಳೆ ನೆನೆಸಿದ ವಿನೆಗರ್ ಹಚ್ಚಿ ಅಂತ ಎಲ್ಲ ಕಡೆ ಹೇಳುತ್ತಾರೆ. ಚಹಾದ ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಅಷ್ಟೇ ಗುಟ್ಟು. ಆಗ ತಲೆಗೆ ಹೊಳೆಯಿತು. ಅಡಿಕೆ ಬೇಯಿಸುವವರ ಮನೆಯಲ್ಲಿ ಚಹಾಪುಡಿ ಯಾಕೆ ಹಾಳು ಮಾಡಬೇಕು? ಹಂಡೆಯಲ್ಲಿ ಅಡಿಕೆ ಬೆಂದ ನೀರೇ ಚೊಗರು. ಬೇಯಿಸಿ ಬೇಯಿಸಿ ಅದು ಮಂದವಾಗುತ್ತದೆ. ಕೆಂಪಡಿಕೆಗೆ ಆ ಬಣ್ಣ, ಆ ಹೊಳಪು ಬರುವುದೇ ಅದರಿಂದ. ಉಳಿದಿದ್ದನ್ನು ಮುಂದಿನ ಕೊಯ್ಲಿಗೆ ಅಂತ ತೆಗೆದಿಡುತ್ತಾರೆ. ನಮ್ಮ ಕೊಟ್ಟಿಗೆ ಮೂಲೆಯಲ್ಲೂ ಒಂದು ಕ್ಯಾನ್ ಇತ್ತು.

ಹಳೇ ಬನಿಯನ್ ಅದ್ದಿ ಒಂದು ಸಲ ಒರೆಸಿದೆ. ಅಬ್ಬ! ಹಳದಿ ಹೋಗಿ ಕೆಂಪುಗಂದು ಇಳಿಯಿತು. ಮರದ ಗೆರೆಗಳಲ್ಲಿ ಚೊಗರು ಇಂಗಿ ಒಂದೊಂದೂ ಎದ್ದು ಕಂಡಿತು. ಮೊಳೆಯ ನೀರು ಮುಟ್ಟಿಸಿದಲ್ಲಿ ಮಾತ್ರ ಕಣ್ಣೆದುರೇ ಕಪ್ಪಾಗುತ್ತಾ ಹೋಯಿತು. ನಾನಂತೂ ಇದನ್ನು ಯಾವ ಪೇಟೆಯ ವುಡ್ ಸ್ಟೇನಿಗೂ ಬಿಟ್ಟುಕೊಡುವುದಿಲ್ಲ. ಕೈಗೆ ಹತ್ತಿದ್ದು ಹೋಗಲು ಮಾತ್ರ ಬಹಳ ದಿನ ಹಿಡಿಯಿತು. ಆ ಕೈಯಲ್ಲೇ ಒಂದು ಮದುವೆಗೂ ಹೋಗಿಬಂದೆ. 'ಮನೇಲಿ ಅಡಿಕೆ ಸುಲಿಯೋಕೆ ಆಳು ಸಿಗಲಿಲ್ವಾ' ಎಂದು ಒಬ್ಬರು ಮರುಕದಿಂದ ಕೇಳಿದರು.

ಮಾವ ಎಲೆಯಡಿಕೆಯ ಕವಳ ಹಾಕುತ್ತಾ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಡ್ಡಿಲ್ಲೆ" ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಬೋರ್ಡು ಬಾಗಿಲ ಪಕ್ಕ ಏರಿತು. ದೀಪಾವಳಿಗೆ ಮನೆ ತೊಳೆಯುವಾಗ ಅತ್ತೆ ಅದನ್ನು ಇಳಿಸಿ, ತೆಂಗಿನ ನಾರು, ಸೋಪಿನಪುಡಿ ಹಾಕಿ ತಿಕ್ಕಿದರು. ಬೂಷ್ಟು ಹಿಡಿದಿದೆ ಅಂತ ಅವರ ಲೆಕ್ಕ. ಪರವಾಗಿಲ್ಲ, ಇನ್ನಷ್ಟು ಹಳೆಯದಾಯಿತು.

ಅದೇ ತೊಳೆಯುವ ಗಲಾಟೆಯಲ್ಲಿ ಕೊಟ್ಟಿಗೆಯ ಅಕ್ಕಚ್ಚಿನ, ಅಂದರೆ ದನಗಳಿಗೆ ಕುಡಿಸುವ ಅಕ್ಕಿ ತೊಳೆದ ನೀರಿನ ಡ್ರಮ್ಮು ಅಂಗಳಕ್ಕೆ ಬಂತು. ಅದರ ಮುಚ್ಚಳ ಒಂದು ಹಲಗೆ. ನೀರು ಬಿದ್ದು ಸಗಣಿ ತೊಳೆದುಹೋದಾಗ ಹಲಗೆಯಲ್ಲಿ ಅಕ್ಷರ ಕಂಡವು. ಕೂತು ಒರೆಸಿದೆ. 'ಇಂದು ನಗದು, ನಾಳೆ ಉದ್ರಿ.' ಮಾವನ ಅಪ್ಪ ಊರಲ್ಲಿ ಇಟ್ಟಿದ್ದ ಸಣ್ಣ ಅಂಗಡಿಯ ಬೋರ್ಡಂತೆ. ಹಳದಿ ನೆಲದ ಮೇಲೆ ಕೆಂಪಕ್ಷರ, ನೀಲಿ ನೆರಳು. ಬಣ್ಣ ಉಗುರಿನಷ್ಟಗಲದ ಚೂರುಗಳಾಗಿ ಬಿರಿದು, ಒಂದೊಂದು ಚೂರಿನ ಅಂಚೂ ಸ್ವಲ್ಪ ಮೇಲಕ್ಕೆ ಸುರುಳಿ. 'ಉ'ಕಾರದ ಬಾಲದ ಮೇಲೆ ದನ ನೆಕ್ಕಿ ನೆಕ್ಕಿ ಮರವೇ ಹೊಳೆಯುತ್ತಿತ್ತು. ಮೇಣ, ಫೆವಿಕಾಲ್, ಸ್ಯಾಂಡ್‌ಪೇಪರ್ ಯಾವುದರಿಂದಲೂ ಆಗದ್ದನ್ನು ಒಂದು ಎಮ್ಮೆ, ಎರಡು ಆಕಳು ಮುಗಿಸಿಟ್ಟಿದ್ದವು.

ನಾನು ಕುಣಿದಿದ್ದನ್ನು ಮಾವ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಪೇಟೆಗೆ ಹೋಗುವಾಗ ಗೋಣಿಚೀಲದಲ್ಲಿ ಸುತ್ತಿ ಅದನ್ನೂ ಒಯ್ದಿದ್ದರು. ಸಂಜೆ ತಂದು ಜಗಲಿಯಲ್ಲಿ ಬಿಚ್ಚಿದರು. ಹಳೇ ಬಣ್ಣ ಪೂರ್ತಿ ಕೆರೆಸಿ, ಹೊಸದಾಗಿ ಎನಾಮಲ್ ಹೊಡೆಸಿ, ಅದೇ ಮಾತನ್ನು ಮತ್ತೆ ಬರೆಸಿ, ಸುತ್ತ ಬೆಳ್ಳಿ ಬಣ್ಣದ ಗೆರೆ ಎಳೆಸಿ ತಂದಿದ್ದರು. ಮುಖ ಕಾಣುವಷ್ಟು ಹೊಳಪು.

"ನಿಂಗೆ ಬೋರ್ಡು ಅಂದ್ರೆ ಆಸೆ ಅಲ್ದಾ ತಂಗಿ. ನೋಡು, ಚೊಲೋ ಆಜು."

ಎಪ್ಪತ್ತು ದಾಟಿದವರು ಬಸ್ಸಿನಲ್ಲಿ ಹೊತ್ತು ತಂದಿದ್ದಾರೆ. ನಾನು "ಭಾರೀ ಚೊಲೋ ಆಜು ಮಾವ" ಅಂದೆ. ಪೇಂಟರ್ ದುಡ್ಡೇ ತಗೊಂಡಿಲ್ಲವಂತೆ. ಇಂಥ ಒಳ್ಳೆಯವರ ನಡುವೆ ಯಾವ ವಸ್ತು ತಾನೇ ನೆಮ್ಮದಿಯಾಗಿ ಹಳೆಯದಾದೀತು?

ಈಚೆಗೆ ನಾನು ಮಾಡಿದ ಇನ್ನೊಂದು ಬೋರ್ಡು 'ಮಂಗ ಬಂದಿದೆ, ಬಾಗಿಲು ಹಾಕಿ'. ಇದಕ್ಕೆ ಸ್ಟೆನ್ಸಿಲ್ ಅಚ್ಚು ಕತ್ತರಿಸಿದ್ದೆ. ಸೊನ್ನೆಯ ಹೊಟ್ಟೆ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಕತ್ತರಿಸಿದ ಕೂಡಲೇ ಉದುರಿಹೋಗುತ್ತದೆ. ನಡುವೆ ಕಡ್ಡಿಯಷ್ಟು ಸೇತುವೆ ಬಿಟ್ಟರೆ ಮಾತ್ರ ಉಳಿಯುತ್ತದೆ. ಈ ಬೋರ್ಡನ್ನು ಅಡುಗೆಮನೆ ಹಿಂಬಾಗಿಲಿಗೆ ಅತ್ತೆ ತಾವೇ ಮೊಳೆ ಹೊಡೆದು ಹಾಕಿಕೊಂಡರು. ನೋಡಿದವರೆಲ್ಲ ತಮಗೂ ಒಂದು ಬೇಕು ಅನ್ನತೊಡಗಿದರು. ಬಾಳೆಗೊನೆ ಕಳೆದುಕೊಳ್ಳದ ಮನೆ ನಮ್ಮ ಊರಲ್ಲಿ ಯಾವುದಿದೆ?

ಮೊದಲ ಆರ್ಡರು ಕೊಟ್ಟವರು ಆಚೆಮನೆ ಭಾವ. ಜಗಲಿಯಲ್ಲಿ ಕೂತು, ಕವಳದ ಸಂಚಿ ಬಿಚ್ಚಿ, ವಿವರವಾಗಿ ಹೇಳಿದರು. "ಸಾಗವಾನಿದೇ ಆಗವು. ಟಚ್‌ವುಡ್ ಹೊಡೆದು ಮಿಂಚವು. ನಿನ್ನ ಈ ಕೆರೆದ ಬೋರ್ಡಿನ ಹಾಂಗೆ ಬ್ಯಾಡ, ಹೊಸಾದು ಕಾಣವು."

"ಸಾಗವಾನಿಗೆ ರೇಟು ಜಾಸ್ತಿ ಆಗ್ತು ಭಾವ" ಅಂದೆ.

ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿದರು. ತಲೆಯ ಮೇಲೆ ಬೆಳ್ಳಿ ಗೆರೆಯ ಬೋರ್ಡು ಫಳಫಳ ಹೊಳೆಯುತ್ತಿತ್ತು.

"ಅಡ್ಡಿಲ್ಲೆ, ಅಡಿಕೆ ಮಾರಿದ ಮೇಲೆ ಕೊಡ್ತೆ" ಅಂದರು.