ಇಗರ್ಜಿಯ ಗೇಟಿನ ಹೊರಗೆ ಒಂದು ಕೆಂಡದ ಒಲೆ

ಡಿಸೆಂಬರ್ 16ರ ನಸುಕು, ನಾಲ್ಕು ಗಂಟೆ. ಮನಿಲಾದ ಯಾವುದೇ ಇಗರ್ಜಿಯೊಳಗೆ ಮೊದಲ ಸಲ ಕಾಲಿಡುವ ಮಂಗಳೂರು ಕಡೆಯ ಕಥೋಲಿಕರು ಬೆರಗಾಗುವುದು ಜನರ ಗುಂಪನ್ನು ಕಂಡಲ್ಲ, ಗುರುಗಳ ಬಿಳಿ ವಸ್ತ್ರವನ್ನು ಕಂಡು. ಕ್ರಿಸ್‌ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ಮುಗಿಯಲು ಇನ್ನೂ ಒಂಬತ್ತು ದಿನ ಇದೆ. ನಮ್ಮಲ್ಲಿ ಆ ದಿನಗಳಿಗೆ ನೇರಳೆ ಬಣ್ಣ. ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಂತಿಲ್ಲ, ಅದನ್ನು 24ರ ರಾತ್ರಿಗೆಂದು ಎತ್ತಿಟ್ಟಿರುತ್ತೇವೆ. ಇಲ್ಲಿ ಮೊದಲ ನಸುಕಿನಲ್ಲೇ ಗ್ಲೋರಿಯಾ ಮೊಳಗುತ್ತದೆ. ಯಾರೋ ಕ್ರಮ ತಪ್ಪಿದರು ಅಂದುಕೊಳ್ಳಬೇಕಾಗಿಲ್ಲ. 16ರಿಂದ 24ರವರೆಗಿನ ಈ ಒಂಬತ್ತು ಪೂಜೆಗಳು ಮಾತೆ ಮರಿಯಳ ಗೌರವಕ್ಕೆ ಮೀಸಲು, ಬಿಳಿ ವಸ್ತ್ರಕ್ಕೂ ಗ್ಲೋರಿಯಾಕ್ಕೂ ಫಿಲಿಪೀನ್ಸಿಗೆ ವಿಶೇಷ ಅನುಮತಿ ಇದೆ. ಒಂಬತ್ತು ದಿನಗಳ ಈ ಪ್ರಾರ್ಥನೆಗೆ, ಅಂದರೆ ನೊವೆನಾಕ್ಕೆ, ಜನ ಇಟ್ಟಿರುವ ಹೆಸರು ಸಿಂಬಾಂಗ್ ಗಾಬಿ, ಅಂದರೆ ರಾತ್ರಿಯ ಪೂಜೆ.

ನಾನು ಹೇಳಹೊರಟಿರುವುದು ಮಾತ್ರ ಒಳಗಿನ ಪೂಜೆಯ ವಿಷಯವಲ್ಲ, ಪೂಜೆ ಮುಗಿದ ಮೇಲೆ ಗೇಟಿನ ಹೊರಗೆ ಏನಿರುತ್ತದೆ ಎಂಬುದು. ನಮ್ಮೂರಿಗೂ ಈ ಊರಿಗೂ ಇರುವ ನಿಜವಾದ ವ್ಯತ್ಯಾಸ ಅಲ್ಲಿದೆ. ಅಲ್ಲಿ ನಾವು ಸೋತಿದ್ದೇವೆ ಎಂದೇ ನನ್ನ ಅಭಿಪ್ರಾಯ.

ಸ್ಪೇನಿನವರ ಕಾಲದಿಂದ ಬಂದ ವಾಡಿಕೆ ಇದು. ನಾಲ್ಕು ಗಂಟೆಯ ಹೊತ್ತು ಗದ್ದೆಗೆ ಹೋಗುವವರ ಅನುಕೂಲಕ್ಕೆ ಬಂದದ್ದು ಎನ್ನುತ್ತಾರೆ. ಡಿಸೆಂಬರ್ ಕೊಯ್ಲಿನ ಕಾಲ, ಬಿಸಿಲೇರುವ ಮುಂಚೆ ಕತ್ತಿ ಹಿಡಿಯಬೇಕು, ಅದಕ್ಕೂ ಮುಂಚೆ ಪೂಜೆ ಮುಗಿಯಬೇಕು. ಪೂಜೆ ಮುಗಿದವರಿಗೆ ಹಸಿವು. ಹಿಂದೆ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನೂ ಮುಟ್ಟುವಂತಿರಲಿಲ್ಲ (ಈಗಿನ ಒಂದು ಗಂಟೆಯ ನಿಯಮ ಬಂದದ್ದು 1964ರಲ್ಲಿ). ಹಾಗಾಗಿ ಗೇಟಿನ ಹೊರಗೆ ಒಲೆ ಹೊತ್ತಿತು. ಅಕ್ಕಿ, ತೆಂಗಿನಕಾಯಿ, ಕಪ್ಪು ಸಕ್ಕರೆ, ಬಾಳೆಎಲೆ: ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದು ಇದರಲ್ಲಿ ಒಂದೂ ಇಲ್ಲ.

ಪುಟೊ ಬುಂಬೊಂಗ್ ಎಂಬುದನ್ನೇ ನೋಡಿ. ಬುಂಬೊಂಗ್ ಅಂದರೆ ಬಿದಿರಿನ ಕೊಳವೆ. ಕಾಸರಗೋಡು ಕಡೆಯವರು ಕಂಡೊಡನೆ ಪುಟ್ಟು ಎಂದುಬಿಡುತ್ತಾರೆ, ಆದರೆ ಮಾಡುವ ಬಗೆ ಬೇರೆ. ನಮ್ಮ ಪುಟ್ಟಿಗೆ ಅಂಟಿಲ್ಲದ ಅಕ್ಕಿಯ ಹುರಿದ ಹಿಟ್ಟು, ನಡುನಡುವೆ ತೆಂಗಿನ ತುರಿಯ ಪದರ. ಇವರದು ಅಂಟಕ್ಕಿ. ಪಿರುರುಟೊಂಗ್ ಎಂಬ ಕಪ್ಪು ನೇರಳೆ ಅಕ್ಕಿಯನ್ನು ಬಿಳಿ ಅಂಟಕ್ಕಿಯ ಜೊತೆ ಬೆರೆಸಿ, ಉಪ್ಪು ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ನೀರು ಸೇರಿಸಿಯೇ ಅರೆದು ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ನೀರು ಇಳಿಸುತ್ತಾರೆ. ಉಳಿದ ಗಟ್ಟಿ ಹಿಟ್ಟನ್ನು ಜರಡಿಯಲ್ಲಿ ತಿಕ್ಕಿ ತರಿತರಿ ಮಾಡಿ ಕೊಳವೆಗೆ ಸಡಿಲವಾಗಿ ತುಂಬುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಒತ್ತಿ ತುಂಬಿದರೆ ಹಬೆ ಮೇಲೇರುವುದಿಲ್ಲ, ನಡುವೆ ಬಿಳಿಚಿಕೊಂಡು ಹಸಿ ಉಳಿಯುತ್ತದೆ. ನೀರು ಪೂರ್ತಿ ಇಳಿಯದಿದ್ದರೆ ಮುದ್ದೆಯಾಗಿ ಕೊಳವೆಗೆ ಕಚ್ಚುತ್ತದೆ, ಎಷ್ಟು ಕುಟ್ಟಿದರೂ ಜಾರುವುದಿಲ್ಲ. ತೀರಾ ಒಣಗಿದ್ದರೆ ಎಲೆಯ ಮೇಲೆ ಬಿದ್ದ ಕೂಡಲೇ ಪುಡಿಯಾಗುತ್ತದೆ. ಹದ ಸರಿಯಿದ್ದರೆ ಹಬೆ ಮೇಲಿನ ಬಾಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಬೆಂದಿರುತ್ತದೆ. ಕೊಳವೆಯನ್ನು ಬಗ್ಗಿಸಿ ತಟ್ಟಿದರೆ ಬೆರಳುದ್ದದ ನೇರಳೆ ಕೋಲು ಬಾಳೆಎಲೆಗೆ ಇಳಿಯುತ್ತದೆ. ಮೇಲೆ ಬೆಣ್ಣೆ ಅಥವಾ ಮಾರ್ಗರಿನ್, ತೆಂಗಿನ ತುರಿ, ಕಪ್ಪು ಸಕ್ಕರೆ. ಆರಿದರೆ ರಬ್ಬರಾಗುತ್ತದೆ, ನಿಂತಲ್ಲೇ ತಿಂದು ಮುಗಿಸಬೇಕು.

ಬಿಬಿಂಗ್ಕಾ ಇನ್ನೂ ಹತ್ತಿರದ್ದು. ಹೆಸರು ಕೇಳಿ ಗೋವೆಯ ಪದರುಪದರಿನ ಬಿಬಿಂಕಾ ಎಂದುಕೊಳ್ಳಬೇಡಿ, ಅದು ಮೈದಾ ಮತ್ತು ಮೊಟ್ಟೆಯ ಹಳದಿಯ ತಿಂಡಿ. ಇದು ನೆನೆಸಿ ಅರೆದ ಅಕ್ಕಿಗೆ ತೆಂಗಿನಹಾಲು, ಮೊಟ್ಟೆ, ಸಕ್ಕರೆ ಸೇರಿಸಿದ ಹಿಟ್ಟು. ಹಳೆಯ ಕ್ರಮದಲ್ಲಿ ಅರೆದದ್ದನ್ನು ಹುಳಿ ಬರಲು ಬಿಡುತ್ತಿದ್ದರು, ಈಗ ಬೇಕಿಂಗ್ ಪೌಡರ್. ಮಣ್ಣಿನ ಅಗಲ ಬಟ್ಟಲಿಗೆ ಬೆಂಕಿಯಲ್ಲಿ ಬಾಡಿಸಿದ ಬಾಳೆಎಲೆ ಹಾಸುತ್ತಾರೆ. ಬಾಡಿಸದ ಎಲೆ ಮಡಚುವಾಗ ಸೀಳುತ್ತದೆ, ಹಿಟ್ಟು ಸೋರಿ ತಳ ಹಿಡಿಯುತ್ತದೆ. ಬಟ್ಟಲ ಕೆಳಗೆ ಕೆಂಡ, ಮೇಲೆ ತಗಡು ಮುಚ್ಚಿ ಅದರ ಮೇಲೂ ಕೆಂಡ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಓವನ್ ಇಲ್ಲದ ಮನೆಗಳಲ್ಲಿ ಕೇಕ್ ಬೇಯುತ್ತಿದ್ದದ್ದೂ ಹೀಗೆಯೇ. ಮೇಲಿನ ಕೆಂಡ ಕೆಳಗಿನದಕ್ಕಿಂತ ಹೆಚ್ಚಿರಬೇಕು. ಲೆಕ್ಕ ತಿರುಗುಮುರುಗಾದರೆ ಎಲೆ ಕರಕಲಾಗುತ್ತದೆ, ಮೇಲ್ಮೈ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅರ್ಧ ಗಟ್ಟಿಯಾದಾಗ ತಗಡು ಎತ್ತಿ ಉಪ್ಪಿನಲ್ಲಿಟ್ಟ ಬಾತುಮೊಟ್ಟೆಯ ಹೋಳು, ಎಮ್ಮೆಹಾಲಿನ ಚೀಸ್ ಇಡುತ್ತಾರೆ. ಮೊದಲೇ ಇಟ್ಟರೆ ಮುಳುಗುತ್ತವೆ, ತಡವಾದರೆ ಅಂಟುವುದಿಲ್ಲ. ಇಳಿಸಿದ ಮೇಲೆ ಬೆಣ್ಣೆ, ಸಕ್ಕರೆ, ತೆಂಗಿನ ತುರಿ. ಕುಡಿಯಲು ಸಾಲಾಬಾತ್, ನಮ್ಮ ಶುಂಠಿ ಕಷಾಯವೇ, ಕೊತ್ತಂಬರಿ ಜೀರಿಗೆ ಇಲ್ಲದ್ದು.

ಇಷ್ಟೂ ನಡೆಯುವುದು ಇಗರ್ಜಿಯ ಗೋಡೆಗೆ ತಾಗಿದ ಬೀದಿಯಲ್ಲಿ, ಬೆಳಗಿನ ಐದಕ್ಕೆ. ಮೊಮ್ಮಗಳ ಕೈ ಹಿಡಿದ ಅಜ್ಜಿ, ಸಮವಸ್ತ್ರದ ಕಾವಲುಗಾರ, ರಾತ್ರಿಪಾಳಿ ಮುಗಿಸಿ ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗಿಸಿಕೊಂಡೇ ಬಂದ ಕಾಲ್ ಸೆಂಟರ್ ಹುಡುಗರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಮನಿಲಾದಲ್ಲಿ ಈಗ ಗದ್ದೆ ಎಲ್ಲಿದೆ? ರೈತರ ಹೊತ್ತು ಹೋಗಿ ಅದು ರಾತ್ರಿಪಾಳಿಯವರ ಹೊತ್ತಾಗಿದೆ. ಹೊತ್ತನ್ನು ಬದಲಿಸಲಿಲ್ಲ, ಅದು ಹೊಸಬರಿಗೆ ತಾನಾಗಿ ಒದಗಿತು. ಒಂಬತ್ತು ದಿನವೂ ತಪ್ಪದೆ ಬಂದವರ ಹರಕೆ ಈಡೇರುತ್ತದೆ ಎಂದು ಇಲ್ಲಿಯವರ ನಂಬಿಕೆ. ಐದನೆಯ ದಿನಕ್ಕೆ ಕಣ್ಣು ಕೂರುತ್ತದೆ, ಆರನೆಯ ದಿನ ಅರ್ಧ ಜನ ಬಾಗಿಲ ಬಳಿ ನಿಂತೇ ತೂಕಡಿಸುತ್ತಾರೆ, ಆದರೂ ಬರುತ್ತಾರೆ. ಹೊರಗಿನ ಆ ಹೊಗೆಯ ವಾಸನೆಗೆ ಇದರಲ್ಲಿ ಪಾಲು ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ನಮ್ಮ ಕಡೆ ನೋಡೋಣ. ನಮ್ಮ ಕ್ರಿಸ್‌ಮಸ್ಸಿನ ರುಚಿ ಎಲ್ಲಾ ಕುಸ್ವಾರ್ ಎಂಬ ಹಬ್ಬದ ತಿಂಡಿಗಳಲ್ಲಿದೆ: ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ. ಡಿಸೆಂಬರ್ ಎರಡನೆಯ ವಾರದಿಂದ ಮನೆಯ ಹೆಂಗಸರು ಮಧ್ಯಾಹ್ನದ ನಿದ್ದೆ ಬಿಟ್ಟು ಫೋರ್ಕಿನ ಬೆನ್ನಿನ ಮೇಲೆ ಕಿಡಿಯೊ ಸುತ್ತುತ್ತಾರೆ, ಎಣ್ಣೆಯ ಮುಂದೆ ಬೇಯುತ್ತಾರೆ, ಡಬ್ಬಕ್ಕೆ ತುಂಬಿ ಬೀಗ ಹಾಕಿದಂತೆ ಇಡುತ್ತಾರೆ. ಹಬ್ಬ ಮನೆಯೊಳಗೆ ಬೇಯುತ್ತದೆ, ಡಬ್ಬದೊಳಗೆ ಕಾಯುತ್ತದೆ. 24ರ ರಾತ್ರಿ ಪೂಜೆ ಮುಗಿದು ಹತ್ತು ನಿಮಿಷಕ್ಕೆ ಇಗರ್ಜಿಯ ಅಂಗಳದಲ್ಲಿ ಸ್ಕೂಟರ್, ಕಾರುಗಳ ಬೆಳಕು ಮಾತ್ರ ಉಳಿಯುತ್ತದೆ. ಹೆಚ್ಚೆಂದರೆ ಯುವಕ ಸಂಘದವರು ಒಂದೊಂದು ಕೇಕಿನ ತುಂಡು, ಕಾಗದದ ಲೋಟದಲ್ಲಿ ಕಾಫಿ ಕೊಡುತ್ತಾರೆ. ಆಗಮನ ಕಾಲದ ನಾಲ್ಕು ವಾರ ಯೇಸು ಜನನದ ಗೋದಲಿ ಕಟ್ಟುವವರನ್ನು ಬಿಟ್ಟರೆ ಅಂಗಳಕ್ಕೆ ಬರುವವರು ಯಾರು? ವಾರ್ಡಿನ ಮುಖಂಡರಾದ ಗುರ್ಕಾರರ ಸಭೆಯಲ್ಲಿ ಲೈಟು, ಪೆಂಡಾಲು, ಬಹುಮಾನಗಳ ಪ್ರಾಯೋಜಕರ ಮಾತು ಗಂಟೆಗಟ್ಟಲೆ ನಡೆಯುತ್ತದೆ. ಜನ ಅಂಗಳದಲ್ಲಿ ಅರ್ಧ ಗಂಟೆ ಹೆಚ್ಚು ನಿಲ್ಲಲು ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಇದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ನಕ್ಷತ್ರದ ಕಥೆಯೂ ಅಷ್ಟೇ. ಇಲ್ಲಿ ಪರೋಲ್ ಎನ್ನುವ ನಕ್ಷತ್ರದೀಪವನ್ನು ಶಾಲೆಯ ಮಕ್ಕಳೂ ಕಟ್ಟುತ್ತಾರೆ. ಒಂದೇ ಉದ್ದದ ಹತ್ತು ಬಿದಿರು ಕಡ್ಡಿ. ಐದೈದನ್ನು ಹೆಣೆದು ಎರಡು ಪಂಚಕೋನದ ನಕ್ಷತ್ರ. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿ ಬಿಗಿಯುವುದು. ಒಳಗೆ ಕಡ್ಡಿಗಳು ಹಾಯುವ ಐದು ಮೂಲೆಗೆ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಬಿದಿರಿನ ಗಂಟು ನಡುವೆ ಬಂದ ಕಡ್ಡಿ ಬಾಗುವುದಿಲ್ಲ, ನಕ್ಷತ್ರ ಒಂದು ಕಡೆ ವಾಲುತ್ತದೆ. ಗಿಡ್ಡ ಕಡ್ಡಿ ಉದ್ದವಾದರೆ ತುದಿಯ ಕಟ್ಟು ಬಿಚ್ಚಿ ಕಾಗದ ಸೀಳುತ್ತದೆ. ಕೆಳಗಿನ ಎರಡು ತುದಿಗೆ ಕತ್ತರಿಸಿದ ಕಾಗದದ ಬಾಲ. ನಮ್ಮಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟಿದ ಕೈಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಊರಿನ ಇಗರ್ಜಿ, ಮನೆಗಳ ಮೇಲೆ ಈಗ ತೂಗುವುದರಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಕೊಂಡ ಮಡಚುವ ಕಾಗದದ ನಕ್ಷತ್ರಗಳು. ಪಂಪಾಂಗ ಪ್ರಾಂತ್ಯದ ಸಾನ್ ಫೆರ್ನಾಂದೊದಲ್ಲಿ ಇದೇ ಪರೋಲ್ ಇಪ್ಪತ್ತು ಅಡಿಯ ಆಸುಪಾಸು ಬೆಳೆದಿದೆ. ಅದರ ಸಾವಿರಾರು ಬಲ್ಬುಗಳನ್ನು ಕುಣಿಸುವುದು ತಿರುಗುವ ಉಕ್ಕಿನ ಪೀಪಾಯಿ. ಪೀಪಾಯಿಯ ಮೈಗೆ ಅಲ್ಲಲ್ಲಿ ಟೇಪು ಅಂಟಿಸಿರುತ್ತಾರೆ, ಸಾಲಾಗಿ ಹೇರ್‌ಪಿನ್ನುಗಳು ತಾಗಿರುತ್ತವೆ. ಪಿನ್ನಿನ ಕೆಳಗೆ ಬರಿಯ ಉಕ್ಕು ಬಂದರೆ ದೀಪ ಹೊತ್ತುತ್ತದೆ, ಟೇಪು ಬಂದರೆ ಆರುತ್ತದೆ. ಒಂದೊಂದು ಪರೋಲಿನ ಹಿಂದೆ ಒಂದೊಂದು ಬರಂಗಾಯ್, ಅಂದರೆ ಒಂದು ಹಳ್ಳಿಯ ಅಥವಾ ಬಡಾವಣೆಯ ಜನ, ತಿಂಗಳುಗಟ್ಟಲೆ ದುಡಿದಿರುತ್ತಾರೆ.

24ರ ಸಂಜೆಯ ಪಾನುನುಲುಯಾನ್ ಬಗ್ಗೆ ಒಂದೆರಡು ಮಾತು ಸಾಕು: ಜೋಸೆಫ್, ಮರಿಯ ವೇಷದ ಜೋಡಿ ಮನೆಮನೆ ಬಾಗಿಲು ತಟ್ಟಿ ಜಾಗ ಕೇಳುತ್ತಾರೆ, ಮೊದಲೇ ಗೊತ್ತುಮಾಡಿದ ಮನೆಯವರು ಹಾಡಿನಲ್ಲೇ ಇಲ್ಲವೆನ್ನುತ್ತಾರೆ, ಕೊನೆಗೆ ಇಗರ್ಜಿಯ ಬಾಗಿಲು ತೆರೆಯುತ್ತದೆ. ಊರೇ ರಂಗಸ್ಥಳ, ಪ್ರೇಕ್ಷಕರಿಗೆ ಕುರ್ಚಿ ಹಾಕುವ ಪ್ರಶ್ನೆಯೇ ಇಲ್ಲ.

ನಮ್ಮಲ್ಲಿ ಇದಕ್ಕೆ ಅಡ್ಡಿ ಏನು? ಬಿಳಿ ವಸ್ತ್ರಕ್ಕೆ ಅನುಮತಿ ಬೇಕು ನಿಜ, ಆದರೆ ನೇರಳೆ ವಸ್ತ್ರದಲ್ಲೇ ಆಗಮನ ಕಾಲದ ಸಾಮಾನ್ಯ ಪೂಜೆಯನ್ನು ಬೆಳಗಿನ ಐದೂವರೆಗೆ ಇಡಲು ಯಾರ ಅಪ್ಪಣೆಯೂ ಬೇಡ, ಧರ್ಮಕೇಂದ್ರದ ಗುರುಗಳು ಮನಸ್ಸು ಮಾಡಿದರೆ ಸಾಕು. ಒಂಬತ್ತು ದಿನ, ದಿನಕ್ಕೊಂದು ವಾಡೊ, ಅಂದರೆ ಧರ್ಮಕೇಂದ್ರದ ಒಂದು ವಾರ್ಡು. ಆ ದಿನದ ವಾಡೊದ ಹತ್ತು ಮನೆಗಳು ತಲಾ ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ ಕೊಟ್ಟರೆ ಗೇಟಿನ ಬಳಿ ಪುಂಡಿಯೋ ಸನ್ನಾವೋ ಬೇಯುತ್ತದೆ. ಗಂಡಸರು ಒಲೆ ಹಚ್ಚಲಿ. ಕುಸ್ವಾರಿನ ಭಾರ ಹೊತ್ತವರ ಮೇಲೆ ಇದನ್ನೂ ಹೇರಿದರೆ ಮೂರನೆಯ ದಿನಕ್ಕೆ ನಿಲ್ಲುತ್ತದೆ.

ಇಲ್ಲಿ ಎಲ್ಲವೂ ಸೊಗಸೆಂದು ಹೇಳಿದರೆ ಸುಳ್ಳಾಗುತ್ತದೆ. ಪಿರುರುಟೊಂಗ್ ಬೆಳೆಯುವವರು ಕಡಿಮೆ, ಬೆಲೆ ಹೆಚ್ಚು. ಹಾಗಾಗಿ ಎಷ್ಟೋ ಗೂಡಂಗಡಿಗಳಲ್ಲಿ ಬಿಳಿ ಅಂಟಕ್ಕಿಗೆ ಬಣ್ಣ ಬೆರೆಸುತ್ತಾರೆ. ನಿಜವಾದದ್ದು ಮಂಕು ನೇರಳೆ, ಬೂದಿ ಕಲಸಿದಂತೆ; ಹೊಳೆಯುವ ನೇರಳೆ ಕಂಡರೆ ಬಣ್ಣವೆಂದೇ ತಿಳಿಯಿರಿ. ಬಿದಿರಿನ ಬದಲು ಲೋಹದ ಕೊಳವೆ ಬಂದಿದೆ, ಕೆಂಡದ ಬದಲು ಗ್ಯಾಸ್. ನಸುಕಿಗೆ ಏಳಲಾರದವರಿಗೆ ಹಿಂದಿನ ಸಂಜೆಯೇ ಪೂಜೆ ಇದೆ, ಮಾಲ್‌ಗಳೊಳಗೂ ಇದೆ.

ಮತ್ತೆ, ಹೇಳಲು ಮನಸ್ಸು ಹಿಂಜರಿದರೂ ಹೇಳಬೇಕು: ಅಕ್ಕಿಯನ್ನು ಇಗರ್ಜಿಯೊಳಗೇ ತಂದವರು ನಾವು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬಕ್ಕೆ, ಆಗಸ್ಟ್ 30ರಿಂದ ಮಕ್ಕಳು ಒಂಬತ್ತು ದಿನ ಹೂ ಹೊತ್ತು ತರುತ್ತಾರೆ, ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದವಾಗಿ ಮನೆಮನೆಗೆ ಹೋಗುತ್ತದೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ. ಅದೂ ಒಂಬತ್ತು ದಿನದ ನೊವೆನಾವೇ, ಅದೂ ಗದ್ದೆಯದೇ. ಮನಿಲಾದ ಬೀದಿಯಲ್ಲಿ ಬೇಯುವ ಅಕ್ಕಿ ಯಾವ ಗದ್ದೆಯದೆಂದು ತಿನ್ನುವವರಿಗೂ ಗೊತ್ತಿಲ್ಲ, ಬೇಯಿಸುವವರಿಗೂ ಗೊತ್ತಿಲ್ಲ. ಡಬ್ಬದಲ್ಲಿ ಬೀಗ ಬಿದ್ದಿದೆ ಎಂದು ನಾನು ದೂರಿದ ಕುಸ್ವಾರ್ ಕೂಡ 25ರ ಬೆಳಿಗ್ಗೆ ತಟ್ಟೆಯಲ್ಲಿ ಕೂತು, ಕ್ರೋಶಾ ಬಟ್ಟೆ ಹೊದ್ದು, ಬಲಗಡೆಯ ಭಟ್ಟರ ಮನೆಗೂ ಎಡಗಡೆಯ ಬ್ಯಾರಿಗಳ ಮನೆಗೂ ಹೋಗುತ್ತದೆ. ಖಾಲಿ ತಟ್ಟೆ ಹಿಂದಿರುಗುವ ಪದ್ಧತಿ ಇಲ್ಲದ್ದರಿಂದ ಮುಷ್ಟಿ ಸಕ್ಕರೆಯಾದರೂ ಮರಳಿ ಬರುತ್ತದೆ. ಬಿಬಿಂಗ್ಕಾ ಮಾರಾಟದ ವಸ್ತು, ಅದಕ್ಕೆ ಆ ದಾರಿ ಗೊತ್ತಿಲ್ಲ.

ನಸುಕಿನ ಪೂಜೆ, ಬಿಸಿ ತಿಂಡಿ ನಮ್ಮ ಕರಾವಳಿಗೆ ಹೊಸದೂ ಅಲ್ಲ. ಧನು ಸಂಕ್ರಮಣ ಬರುವುದೂ ಡಿಸೆಂಬರ್ 16ರ ಹೊತ್ತಿಗೇ. ಕ್ರಿಸ್‌ಮಸ್ಸಿನಿಂದ ಒಂಬತ್ತು ದಿನ ಹಿಂದಕ್ಕೆ ಎಣಿಸಿದ್ದರಿಂದ ಮನಿಲಾದವರಿಗೆ ಆ ತಾರೀಕು, ಸೂರ್ಯ ರಾಶಿ ಬದಲಿಸಿದ್ದರಿಂದ ಕರಾವಳಿಯ ಹಿಂದೂಗಳಿಗೆ. ಇಗರ್ಜಿಯ ಆಚೆ ಬದಿಯ ದೇವಸ್ಥಾನಗಳಲ್ಲಿ ಅಂದಿನಿಂದ ಒಂದು ತಿಂಗಳು ಧನುಪೂಜೆ. ಮಕ್ಕಳು ಕತ್ತಲಲ್ಲೇ ಮಿಂದು ಹೋಗುತ್ತಾರೆ, ಹಲವು ಕಡೆ ಪೂಜೆ ಮುಗಿದ ಕೂಡಲೇ ಎಲೆಯ ಮೇಲೆ ಬಿಸಿ ಉಪಾಹಾರ ಬೀಳುತ್ತದೆ. ಮಂಗಳೂರಿನ ಗಡಿಯಾರ ಮನಿಲಾಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಐದಕ್ಕೆ ಧನುಪೂಜೆಯ ಗಂಟೆ ಕೇಳುವಾಗ ಇಲ್ಲಿ ಏಳೂವರೆ. ಗೂಡಂಗಡಿಯವರು ಉಳಿದ ಕೆಂಡಕ್ಕೆ ನೀರು ಹೊಯ್ದು, ಬಾಳೆಎಲೆಯ ಚೂರು ಗುಡಿಸಿ, ನಾಳೆಯ ಅಕ್ಕಿಯನ್ನು ಅಳೆಯುತ್ತಿರುತ್ತಾರೆ.