ತೊಟ್ಟಿ ಮನೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ

ಹಳೇ ಮೈಸೂರು, ಮಲೆನಾಡಿನ ಕಡೆ ಹತ್ತೊಂಬತ್ತನೇ ಶತಮಾನದ ತೊಟ್ಟಿ ಮನೆಗಳನ್ನು (ನಡುವೆ ಬಯಲು ಅಂಗಳವಿದ್ದು, ಸುತ್ತಲೂ ಮಾಡು ಅದರತ್ತ ಇಳಿಯುವ ಮನೆಗಳು) ಕೆಡವದೆ ರಿಪೇರಿ ಮಾಡಿಸುವವರು ಈಗ ಕಾಣಸಿಗುತ್ತಿದ್ದಾರೆ. ತುಂಬಾ ಸಂತೋಷ. ಆದರೆ ಹೆಚ್ಚಿನ ಕಡೆ ಮೊದಲು ನಡೆಯುವ ಕೆಲಸವೇ ಹಳೇ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್ ಹೊಡೆಸುವುದು. ಆ ಮನೆಗೆ ಇದಕ್ಕಿಂತ ದೊಡ್ಡ ಕೇಡಿಲ್ಲ.

ಈ ಗೋಡೆಗಳು ಮಣ್ಣಿನವು, ಇಲ್ಲವೇ ಕೆಸರಿನಲ್ಲಿ ಕಟ್ಟಿದ ಕಲ್ಲು, ಇಟ್ಟಿಗೆಯವು. ಒಂದೂವರೆ, ಎರಡು ಅಡಿ ದಪ್ಪ. ಪಾಯದಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಬಳಿದಿರೋ, ಆ ತೇವ ಒಳಗೇ ಸಿಕ್ಕಿಕೊಂಡು ಇನ್ನಷ್ಟು ಮೇಲೇರುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸೊಂಟದೆತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಕಟ್ಟುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿ ನೋಡಿ: ಡೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯನ್ನು ಬಿಟ್ಟಿದೆ, ಹಿಂದಿನ ಮಣ್ಣು ಪುಡಿಯಾಗುತ್ತಿದೆ. ನೆಲಕ್ಕೂ ಕಾಂಕ್ರೀಟ್ ಹಾಕಿ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೆ ಅಲ್ಲಿ ಆರಬೇಕಾದ ತೇವವೂ ಗೋಡೆಗೇ ಬರುತ್ತದೆ.

ಗೋಡೆಯೊಳಗೆ ಕೂತ ತೊಲೆಯ ತುದಿಗೂ ತೇವ ಕಂಟಕ. ಹೊರಗೆ ನೋಡಿದರೆ ಮರ ಕಬ್ಬಿಣದಂತಿರುತ್ತದೆ, ಒಳಗಿನ ಒಂದು ಗೇಣು ಲಡ್ಡಾಗಿರುತ್ತದೆ. ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಇಳಿದರೆ ಕೆಳಗೆ ಆಸರೆ ಕೊಟ್ಟ ಮೇಲೆಯೇ ಗೋಡೆ ಮುಟ್ಟಬೇಕು.

ಗಾರೆಗೆ ಸುಣ್ಣವನ್ನು ಚೆನ್ನಾಗಿ ಅರಳಿಸಿ, ನೀರಿನಡಿ ಎರಡು ಮೂರು ವಾರವಾದರೂ ಬಿಡಿ. ಅರಳದ ಕಾಳು ಉಳಿದರೆ ಮುಂದೆ ಗೋಡೆಯ ಮೇಲೆ ಅರಳಿ ಚಕ್ಕೆ ಸಿಡಿಸುತ್ತದೆ. 1 ಪಾಲು ಸುಣ್ಣಕ್ಕೆ 3 ಪಾಲು ಮಣ್ಣಿಲ್ಲದ ಮರಳು. ಒಂದು ಪದರ 10–12 ಮಿ.ಮೀ. ಮೀರದಿರಲಿ, ಮೊದಲಿನದು ಬಿಗಿಯಾದ ಮೇಲೆ ಎರಡನೆಯದು. ಬಿಸಿಲು ನೇರ ಬಿದ್ದರೆ ಬಿರುಕು ಖಂಡಿತ, ಒದ್ದೆ ಗೋಣಿ ಇಳಿಬಿಡಿ. "ಬೇಗ ಬಿಗಿಯಾಗ್ಲಿ ಸಾರ್" ಎಂದು ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟ್ ಬೆರೆಸಲು ಬಂದರೆ ದಯವಿಟ್ಟು ತಡೆಯಿರಿ. ಮೇಲೆ ಸುಣ್ಣವನ್ನೇ ಹೊಡೆಸಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಸೂರಿನ ವಿಷಯ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಮನೆಗಳಲ್ಲಿ ನಾಡ ಹೆಂಚು ಇಳಿದು ಮಂಗಳೂರು ಹೆಂಚು ಏರಿತು. (ಹೆಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆಯ ವರ್ಷ, ನಿಮ್ಮ ಮನೆಯದಲ್ಲ.) ತೊಟ್ಟಿ ಮನೆ ಸೋರುವುದು ಬಹುಪಾಲು ನಾಲ್ಕು ಒಳಮೂಲೆಗಳಲ್ಲಿ. ಎರಡು ಮಾಡಿನ ನೀರು ಅಲ್ಲೇ ಕೂಡುತ್ತದೆ. ಅಲ್ಲಿನ ತಗಡು ಎರಡೂ ಬದಿ ಹೆಂಚಿನಡಿ ಅರ್ಧ ಅಡಿಯಾದರೂ ಹೋಗಿರಬೇಕು; ತೂತಿಗೆ ಸಿಮೆಂಟ್ ಮೆತ್ತಿದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ತಗಡನ್ನೇ ಬದಲಿಸಿ.

ಆದ್ದರಿಂದ ಮೊದಲು ಸೂರು, ಆಮೇಲೆ ತೊಟ್ಟಿಯ ನೀರು ಹೊರಹೋಗುವ ಮೋರಿ. ಸಿಮೆಂಟ್ ಕಿತ್ತ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ನಂತರ ಗಾರೆಗೆ ಕೈ ಹಾಕಿ.