ಹಾಡಿನ ಉತಾರ

ಲಂಡನ್ನಿನಲ್ಲಿ ಏನು ಕೆಲಸ ಮಾಡ್ತೀಯಾ ಅಂತ ಜಮಖಂಡಿಯಲ್ಲಿ ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಮ್ಯೂಸಿಕ್ ಪಬ್ಲಿಷಿಂಗ್ ಕಂಪನಿ ಅಂದರೆ "ಹಂಗಾರ ಪುಸ್ತಕ ಅಚ್ಚು ಹಾಕ್ತೀರೇನು?" ಅನ್ನುತ್ತಾರೆ. ಅಲ್ಲ ಅಂದರೆ "ಕ್ಯಾಸೆಟ್ ಕಂಪನಿ?" ಅದೂ ಅಲ್ಲ. ಕೊನೆಗೆ ನನ್ನ ಸೋದರಮಾವನೇ ಒಂದು ದಾರಿ ತೋರಿಸಿದರು. ಅರ್ಧ ಗಂಟೆ ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಅಡಿಕೆ ಉಗುಳಿ ಬಂದು, "ಅಂದ್ರ ನೀ ಹಾಡಿನ ತಲಾಟಿ ಅನ್ನು" ಅಂದರು.

ಹತ್ತು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ತಲಾಟಿ ಅಂದರೆ ಊರ ಹೊಲಗಳ ದಾಖಲೆ ಬರೆದಿಡುವವ, ಉತಾರ ಅಂದರೆ ಪಹಣಿ. ಹೊಲಕ್ಕೆ ಉತಾರ ಇರುವ ಹಾಗೆ ಹಾಡಿಗೂ ಒಂದು ಉತಾರ ಇರುತ್ತದೆ. ಯಾರ ಹೆಸರಲ್ಲಿದೆ, ಯಾರ ಪಾಲು ಎಷ್ಟು, ಸತ್ತ ಮೇಲೆ ವಾರಸಾ ಯಾರದು. ಅದನ್ನು ಬರೆದಿಟ್ಟುಕೊಂಡು, ಆ ಹೊಲದಲ್ಲಿ ಯಾರು ಉತ್ತರೂ ಗೇಣಿ ವಸೂಲಿ ಮಾಡಿ ಒಡೆಯನಿಗೆ ಮುಟ್ಟಿಸುವುದು ನಮ್ಮ ಕೆಲಸ.

ನಮ್ಮದು ಐದೇ ಜನರ ಕಂಪನಿ. ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಯ ಮೇಲೆ ಎರಡು ಕೋಣೆ. ಮಳೆಗಾಲದಲ್ಲಿ, ಅಂದರೆ ಅಲ್ಲಿ ವರ್ಷಪೂರ್ತಿ, ಕೆಳಗಿನ ಉಗಿಯ ವಾಸನೆ ಮೇಲೆ ಬರುತ್ತದೆ. ಪಬ್ಲಿಷಿಂಗ್ ಅನ್ನುವ ಹೆಸರು ಹಾಡುಗಳ ಸ್ವರಲಿಪಿಯನ್ನು ಹಾಳೆಯ ಮೇಲೆ ಅಚ್ಚು ಹಾಕಿ ಮಾರುತ್ತಿದ್ದ ಕಾಲದ್ದು. ಮಧ್ಯ ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟ್ ತುಂಬ ಒಂದು ಕಾಲಕ್ಕೆ ಇಂಥ ಅಂಗಡಿಗಳೇ ಇದ್ದವು. ಈಗ ಅಚ್ಚು ಕಡಿಮೆಯಾಗಿದೆ, ಹೆಸರು ಉಳಿದಿದೆ. ಒಂದು ಹಾಡಲ್ಲಿ ಎರಡು ಆಸ್ತಿ ಇರುತ್ತವೆ. ಮಾತು ಮತ್ತು ಧಾಟಿ ಸೇರಿ ಒಂದು, ಅದನ್ನು ಹಾಡಿ ಮಾಡಿದ ರೆಕಾರ್ಡಿಂಗ್ ಇನ್ನೊಂದು. ರೆಕಾರ್ಡಿಂಗ್ ನೋಡಿಕೊಳ್ಳಲು ಬೇರೆ ಕಂಪನಿಗಳಿವೆ. ಬರೆದವರ, ಧಾಟಿ ಕಟ್ಟಿದವರ ಕಡೆಯವರು ನಾವು. ರೇಡಿಯೋದಲ್ಲಿ, ಪಬ್‌ನಲ್ಲಿ, ಕ್ಷೌರದಂಗಡಿಯಲ್ಲಿ, ಟೀವಿ ಜಾಹೀರಾತಿನಲ್ಲಿ ಎಲ್ಲಿ ಹಾಡು ಕೇಳಿಸಿದರೂ ಒಂದಿಷ್ಟು ರೊಕ್ಕ ಹುಟ್ಟುತ್ತದೆ. ಹೆಚ್ಚಿನದು 1914ರಲ್ಲಿ ಶುರುವಾದ ಪಿಆರ್‌ಎಸ್ ಅನ್ನುವ ಸಂಘಕ್ಕೆ ಹೋಗಿ, ಅಲ್ಲಿಂದ ವರ್ಷಕ್ಕೆ ನಾಲ್ಕು ಸಲ ಹಂಚಿಕೆಯಾಗುತ್ತದೆ. ಅದರಾಚೆ ನಾವು ವಸೂಲಿ ಮಾಡಿದ್ದರಲ್ಲಿ ನೂರಕ್ಕೆ 15 ಇಟ್ಟುಕೊಂಡು ಉಳಿದಿದ್ದನ್ನು ಬರೆದವರಿಗೆ ಕಳಿಸುತ್ತೇವೆ.

ನಮ್ಮ ಸಾಹೇಬರು ಹಿಂದೆ ಬ್ಯಾಂಡ್ ಒಂದರಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವರು. ತಮ್ಮದೇ ಒಂದು ಹಾಡಿನ ಪಾಲು ಕಾಗದವಿಲ್ಲದೆ ಹೋಯಿತು, ಆ ಹೊಟ್ಟೆಉರಿಗೇ ಕಂಪನಿ ತೆಗೆದರು. ಜಾಹೀರಾತಿನವರ ಬೆನ್ನು ಹತ್ತಿ ಹಾಡು ಮಾರುವವನು ಒಬ್ಬ, ಅವನು ಕೂತಲ್ಲಿ ಕೂರುವುದಿಲ್ಲ. ಕರಾರು ನೋಡುವ ವಕೀಲೆ ವಾರಕ್ಕೆ ಎರಡೇ ದಿನ ಬರುತ್ತಾರೆ. ಆದರೆ ಕಂಪನಿ ನಿಂತಿರುವುದು ಕೆಟಲ್ ಪಕ್ಕದ ಮೇಜಿನಲ್ಲಿ ಕೂರುವ ಅರವತ್ತರ ಹೆಂಗಸಿನ ಮೇಲೆ. ಹೊಸ ಹಾಡು ಬಂದರೆ ನೋಂದಾಯಿಸುವುದು ಅವರು. ಹಾಡು ಕಟ್ಟಿದವರೆಲ್ಲ ಪಾಲಿನ ಹಾಳೆಗೆ ಸಹಿ ಹಾಕದೆ ಬಾಗಿಲು ದಾಟುವ ಹಾಗಿಲ್ಲ. ಒಮ್ಮೆ ಇಬ್ಬರು ಗೆಳೆಯರು, ಪಲ್ಲವಿಯ ಕೊನೆಗೆ ಬರುವ ಬರೀ "ಓ ಓ" ಅನ್ನುವ ಎಳೆತಕ್ಕೆ ನೂರಕ್ಕೆ ಐದು ಪಾಲು ಯಾರದು ಅಂತ ಸಂಜೆ ಏಳರವರೆಗೆ ಜಗಳವಾಡಿದರು. ಆ ಹೆಂಗಸು ಸುಮ್ನೆ ಸ್ವೆಟರ್ ಹೆಣೆಯುತ್ತ ಕೂತಿದ್ದರು. ಕೊನೆಗೆ ಇಬ್ಬರೂ ಎರಡೂವರೆ ಎರಡೂವರೆ ಅಂತ ಬರೆದು ಹೋದರು. ಈಗ ಆ ಇಬ್ಬರಿಗೂ ಮಾತಿಲ್ಲ. ಆದರೆ ಇಬ್ಬರಿಗೂ ರೊಕ್ಕ ತಪ್ಪದೆ ಹೋಗುತ್ತದೆ.

ನಾನು ಲೆಕ್ಕದವನು. ಬಂದ ಪಟ್ಟಿಗಳನ್ನು ಸಾಲು ಸಾಲಾಗಿ ನೋಡಿ, ಬರದೇ ಇದ್ದದ್ದು ಯಾಕೆ ಬರಲಿಲ್ಲ ಅಂತ ಹುಡುಕುತ್ತೇನೆ. ಬಹಳ ಸಲ ಕಾರಣ ಹೆಸರಿನಲ್ಲೇ ಇರುತ್ತದೆ. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಕರೆಯುವ ಹೆಸರು. ಉತಾರದಲ್ಲಿ ಮಲ್ಲಪ್ಪ, ಆಧಾರದಲ್ಲಿ ಮಲ್ಲಿಕಾರ್ಜುನ ಅಂತಿದ್ದರೆ ಬೆಳೆ ಪರಿಹಾರ ನಿಂತು ಹೋಗುತ್ತದಲ್ಲ, ಹಾಗೇ. ಅದಕ್ಕಂತಲೇ ಬರೆದ ಪ್ರತಿಯೊಬ್ಬರಿಗೂ ಜಗತ್ತಿಗೆಲ್ಲ ಒಂದೇ ಐಪಿಐ ನಂಬರು, ಹಾಡಿಗೆ ಐಎಸ್‌ಡಬ್ಲ್ಯೂಸಿ ನಂಬರು, ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ನಂಬರು ಅಂತ ಮಾಡಿದ್ದಾರೆ. ನಂಬರು ತಪ್ಪಿದರೆ ಹಾಡು ಹಿಟ್ ಆದರೂ ಬರೆದವನಿಗೆ ಬಿಡಿಗಾಸು ಬರುವುದಿಲ್ಲ.

ಹೊಸಬರು ಕೆಲಸಕ್ಕೆ ಸೇರಿದಾಗ ಸಾಹೇಬರು ಒಂದು ಕಥೆ ಹೇಳುತ್ತಾರೆ. 1847ರಲ್ಲಿ ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಅನ್ನುವ ಹಾಡು ಬರೆಯುವವ ಸಕ್ಕರೆ ನೀರು ಕುಡಿದು ಕೂತಿದ್ದ. ಅಲ್ಲಿ ಅವನ ಹಾಡನ್ನೇ ನುಡಿಸುತ್ತಿದ್ದರು. ಬಿಲ್ಲು ಬಂದಾಗ, ನೀವು ನನ್ನ ಹಾಡಿಗೆ ರೊಕ್ಕ ಕೊಡುವುದಿಲ್ಲ, ನಾನು ನಿಮ್ಮ ನೀರಿಗೆ ಕೊಡುವುದಿಲ್ಲ ಅಂದ. ಮಾತು ಕೋರ್ಟಿಗೆ ಹೋಯಿತು, ಬೂರ್ಜೆ ಗೆದ್ದ. ಮುಂದೆ 1851ರಲ್ಲಿ ಸಾಸೆಮ್ ಅನ್ನುವ ಸಂಘ ಹುಟ್ಟಿತು. ಬೇರೆ ದೇಶಗಳ ಇಂಥ ಸಂಘಗಳೆಲ್ಲ ಅದರ ಆಮೇಲಿನವು. ನಮ್ಮ ಕಬ್ಬಿನ ಸೀಮೆಯಲ್ಲಾಗಿದ್ದರೆ ಸಕ್ಕರೆ ನೀರಿಗೆ ಯಾರೂ ರೊಕ್ಕ ಕೇಳುತ್ತಿರಲಿಲ್ಲ, ಜಗಳವೂ ಆಗುತ್ತಿರಲಿಲ್ಲ, ಸಂಘವೂ ಹುಟ್ಟುತ್ತಿರಲಿಲ್ಲ ಅಂತ ನಾನು ಒಮ್ಮೆ ಅಂದೆ. ಸಾಹೇಬರು ನಕ್ಕರು. ನಾನು ಪೂರ್ತಿ ನಗೆಯಾಡಲು ಹೇಳಿದ ಮಾತಲ್ಲ ಅದು.

ಹೋದ ಬನದ ಹುಣ್ಣಿಮೆಗೆ ಊರಿಗೆ ಹೋದೆ. ಬನಶಂಕರಿ ಜಾತ್ರೆ, ನಾಟಕ ಕಂಪನಿಗಳು, ಎಲ್ಲ ಆಯಿತು. ಅಕ್ಕನ ಮಗನ ಗೆಳೆಯನೊಬ್ಬ ಜನಪದ ಹಾಡು ಬರೆಯುತ್ತಾನೆ, ಹಾಡುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನ ರೆಕಾರ್ಡಿಂಗ್ ಇತ್ತು, ಕರೆದ, ಹೋದೆ. ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಗೋಡೆಗೆ ಕೌದಿ ಹೊಡೆದಿದ್ದರು, ಸದ್ದು ತಿರುಗಬಾರದು ಅಂತ. ಫ್ಯಾನ್ ನಿಲ್ಲಿಸಿದರೆ ಬೆವರು, ಹಚ್ಚಿದರೆ ಮೈಕಿನಲ್ಲಿ ಗಾಳಿ. ಹುಡುಗ ಒಂದೇ ಪೆಟ್ಟಿಗೆ ಹಾಡಿ ಮುಗಿಸಿದ. ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಹೆಸರು, ಕೀಬೋರ್ಡ್ ಬಾರಿಸಿದವನ ಹೆಸರು, ಸ್ಟುಡಿಯೋದ ಹೆಸರು, ಎಲ್ಲ ಪ್ರಾಸಕ್ಕೆ ಸೇರಿಸಿದ್ದ. ಸ್ಟುಡಿಯೋದವರು ಕೈಗೆ ಮೂರು ಸಾವಿರ ಕೊಟ್ಟರು. ಹಾಡು ಅವರ ಚಾನೆಲ್ಲಿನಲ್ಲಿ ಬಿಡುತ್ತಾರೆ. ನಮ್ಮಲ್ಲಿ ಹಾಡು ಪಬ್ಲಿಷ್ ಆಗುವುದಿಲ್ಲ, "ಬಿಡ್ತಾರ", ಹೋರಿ ಬಿಟ್ಟಂಗೆ.

ಕಾಗದ ಏನಾದರೂ ಮಾಡಿಕೊಂಡಿದ್ದೀಯೇನೋ ಅಂತ ಕೇಳಿದೆ.

"ಹೆಸರ ಪದದಾಗ ಐತಲ್ಲರೀ ಕಾಕಾ. ಮತ್ತ ಕಾಗದ ಯಾಕ?"

ಈ ಮಾತಿಗೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ನಮ್ಮ ಸೀಮೆಯ ಹಳೆಯ ಕಾಯ್ದೆ. ಲಾವಣಿ ಇರಲಿ, ಗೀಗಿ ಪದ ಇರಲಿ, ತತ್ವಪದ ಇರಲಿ, ಕೊನೆಯ ನುಡಿಯಲ್ಲಿ ಕವಿಯ ಊರು ಬರಬೇಕು, ಹೆಸರು ಬರಬೇಕು, ಇಲ್ಲಾ ಅವನ ದೇವರ ಅಂಕಿತ ಬರಬೇಕು. ಯಾರು ಹಾಡಿದರೂ ಆ ಹೆಸರು ಹಾಡಲೇಬೇಕು. ಲಂಡನ್ನಿನಲ್ಲಿ ಪಾಪ್ ಹಾಡು ಕೇಳುವ ನೂರು ಜನರನ್ನು ಬರೆದವರು ಯಾರು ಅಂತ ಕೇಳಿ ನೋಡಿ, ಹಾಡಿದವರ ಹೆಸರು ಹೇಳುತ್ತಾರೆ, ಅಷ್ಟೇ. ನಮ್ಮಲ್ಲಿ ಕುರಿ ಕಾಯುವವನಿಗೂ ಪದ ಯಾವ ಊರ ಕವಿಯದು ಅಂತ ಗೊತ್ತಿರುತ್ತಿತ್ತು. ಐಪಿಐ ನಂಬರಿಗಿಂತ ಇದು ಗಟ್ಟಿ, ಅಲ್ವಾ?

ರೊಕ್ಕದ್ದೂ ಒಂದು ರೀತಿ ಇತ್ತು. ನಮ್ಮ ಅಜ್ಜ ಹರದೇಶಿ ಮೇಳದಲ್ಲಿ ಹಿಮ್ಮೇಳದವರು. ರಾತ್ರಿಯಿಡೀ ಗಂಡು ಹೆಚ್ಚೆನ್ನುವ ಹರದೇಶಿ ಮೇಳಕ್ಕೂ ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಕ್ಕೂ ಸವಾಲು ಜವಾಬು, ದಪ್ಪು, ತುಂತುಣಿ. ಒಳ್ಳೆಯ ನುಡಿ ಬಿದ್ದರೆ ಜನ ಎದ್ದು ಬಂದು ಆಯೇರಿ ಮಾಡುತ್ತಿದ್ದರು. ಹಾಡು ನಿಲ್ಲಿಸಿ, ಇಂಥ ಊರಿನ ಇಂಥವರು 11 ರೂಪಾಯಿ ಆಯೇರಿ ಮಾಡ್ಯಾರ ಅಂತ ಕೂಗಿ ಹೇಳಿ ಮತ್ತೆ ಶುರು. ಬೆಳಗಿನ ಜಾವ ಟಾವೆಲ್ ಹಾಸಿ ಎಲ್ಲರೆದುರೇ ಪಾಲು. ಕೊಟ್ಟವರ ಮುಖ ತೆಗೆದುಕೊಂಡವರಿಗೆ ಗೊತ್ತು. ನನ್ನ ಕಂಪ್ಯೂಟರಿನಲ್ಲಿ ಬರುವ ಪಟ್ಟಿಯಲ್ಲಿ ಒಂದು ಪೆನ್ಸಿಗೂ ಕಡಿಮೆಯ ಸಾವಿರಾರು ಸಾಲುಗಳಿರುತ್ತವೆ. ಯಾವ ದೇಶದಲ್ಲಿ ಯಾರು ಕೇಳಿದರು, ಅತ್ತರೋ ನಕ್ಕರೋ, ದೇವರೇ ಬಲ್ಲ.

ಆದರೆ ಆ ಟಾವೆಲ್ಲಿನ ಪಾಲಿನಲ್ಲಿ ದಪ್ಪಿನವನಿಗಿತ್ತು, ತಾಳದವನಿಗಿತ್ತು, ಪದ ಬರೆದ ಕವಿಗೆ ಇರಲಿಲ್ಲ. ಅವನು ಅಲ್ಲಿ ಇರುತ್ತಲೇ ಇರಲಿಲ್ಲ. ಪದ ಕಲಿಸುವಾಗ ಕೊಟ್ಟ ಧೋತರ, ಒಂದು ಚೀಲ ಜೋಳ, ಅಲ್ಲಿಗೆ ಮುಗೀತು. ಆಮೇಲೆ ನೂರು ಊರಿನಲ್ಲಿ ಅವನ ಹೆಸರು ಕೂಗಿದರು, ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ ಕೇಳಿದವರು ಕಡಿಮೆ. ಹೆಸರಿಗೆ ನಮ್ಮವರು ಮೋಸ ಮಾಡಲಿಲ್ಲ. ಪಾಲು ಮರೆತರು. ಈಗ ಟ್ರ್ಯಾಕ್ಟರ್ ಹುಡುಗನಿಗೆ ಆಗುತ್ತಿರುವುದೂ ಅದೇ.

ಇದಕ್ಕೆ ಸ್ಟುಡಿಯೋದವರನ್ನು ಬೈಯಲು ನನಗೆ ಮನಸ್ಸಿಲ್ಲ. ಕ್ಯಾಮೆರಾ, ಎಡಿಟಿಂಗ್, ಕರೆಂಟ್ ಬಿಲ್ಲು, ಎಲ್ಲ ಅವರ ತಲೆಮೇಲೆ. ಹತ್ತು ಹಾಡಿನಲ್ಲಿ ಓಡುವುದು ಒಂದು. ಕಾಯ್ದೆ ಇಲ್ಲ ಅನ್ನುವುದೂ ಸುಳ್ಳು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. 2012ರ ತಿದ್ದುಪಡಿ ಬಂದ ಮೇಲೆ, ಧ್ವನಿಮುದ್ರಣಕ್ಕೆ ಹಾಡು ಬರೆದುಕೊಟ್ಟವನು ಹಕ್ಕು ಮಾರಿದರೂ ರಾಯಲ್ಟಿಯಲ್ಲಿ ಸಮಪಾಲು ಅವನಿಗೆ ಉಳಿಯುತ್ತದೆ. ಬೇಡ ಅಂತ ಬರೆದುಕೊಟ್ಟರೂ ಆ ಬರಹ ನಡೆಯುವುದಿಲ್ಲ. ಅದನ್ನು ವಾರಸುದಾರರಿಗೆ ಇಲ್ಲಾ ಕಾಪಿರೈಟ್ ಸಂಘಕ್ಕೆ ಮಾತ್ರ ಬಿಟ್ಟುಕೊಡಬಹುದು. ಬರೆದವನು ಸತ್ತ ಮೇಲೂ 60 ವರ್ಷ ಹಕ್ಕು ಇರುತ್ತದೆ, ಇಂಗ್ಲೆಂಡಿನಲ್ಲಿ 70. ಅಂದರೆ ಇಪ್ಪತ್ತೈದರ ಈ ಹುಡುಗನ ಮರಿಮಕ್ಕಳಿಗೂ ಪಾಲಿದೆ. 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಸಂಘ ಮುಂಬೈಯಲ್ಲಿದೆ. ಮಾತು ಬರೆಯುವವರು, ಧಾಟಿ ಕಟ್ಟುವವರು, ಪಬ್ಲಿಷರು ಮೂವರೂ ಸೇರಬಹುದು. ಇಷ್ಟೆಲ್ಲ ಇದ್ದೂ ಜಮಖಂಡಿಗೂ ಮುಂಬೈಗೂ ನಡುವೆ ಫಾರ್ಮು ತುಂಬುವ ಒಬ್ಬ ಮನುಷ್ಯ ಇಲ್ಲ. ಕೆಟಲ್ ಪಕ್ಕದ ಆ ಹೆಂಗಸಿನಂಥವರು ಒಬ್ಬರು. ದೊಡ್ಡ ಕಂಪನಿ ಬಂದು ನಮ್ಮನ್ನು ಉದ್ಧಾರ ಮಾಡಲಿ ಅಂತ ನಾನು ಕಾಯುವವನಲ್ಲ. ಗೋಕಾಕದಲ್ಲಿ ಒಬ್ಬರು, ಮುಧೋಳದಲ್ಲಿ ಒಬ್ಬರು, ಇಂಡಿಯಲ್ಲಿ ಒಬ್ಬರು. ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಕುರ್ಚಿ ಸಾಕು, ನೂರಕ್ಕೆ ಹದಿನೈದು ತೆಗೆದುಕೊಳ್ಳಲಿ.

ಲಂಡನ್ನಿನ ರೀತಿಯನ್ನು ಹಾಗೇ ಎತ್ತಿ ತಂದರೆ ಏನಾಗುತ್ತದೆ ಅನ್ನುವುದನ್ನೂ ಕಂಡಿದ್ದೇನೆ. ಅಕ್ಕನ ಮಗಳ ಮದುವೆಯಲ್ಲಿ ನಮ್ಮ ಅತ್ತೆ ಸೋಬಾನ ಹಾಡಿದರು. ಹುಡುಗರು ವಿಡಿಯೋ ಯೂಟ್ಯೂಬಿಗೆ ಹಾಕಿದರು. ಮೂರನೇ ದಿನ ನೋಟೀಸು, ಈ ಹಾಡು ಇಂಥ ಕಂಪನಿಯದ್ದು ಅಂತ. ಅದೇ ಧಾಟಿಯನ್ನು ಯಾರೋ ಕೀಬೋರ್ಡ್ ಹಾಕಿ ರೆಕಾರ್ಡ್ ಮಾಡಿ ತಮ್ಮ ಹೆಸರಿಗೆ ಹಚ್ಚಿಕೊಂಡಿದ್ದರು. ನಾನು ತಕರಾರು ಬರೆದೆ. ಅವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಯಾರೂ ಉತ್ತರ ಕೊಡಲಿಲ್ಲ, ನೋಟೀಸು ತಾನೇ ಬಿದ್ದುಹೋಯಿತು. ಅತ್ತೆಗೆ ಹೇಳಿದರೆ "ನಮ್ಮವ್ವನ ಹಾಡು ಯಾರದೋ ಹೆಂಗಾಕ್ಕೈತಿ?" ಅಂತ ಒಂದೇ ಮಾತು.

ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದರು. ತಾವು ಬರೆದದ್ದು ಅಂತ ಅವರು ಹೇಳಲಿಲ್ಲ, ಗರತಿಯದು ಅಂದರು. ಸ್ವತಂತ್ರ ಪಬ್ಲಿಷರ್ ಅಂದಾಗ ನನಗೆ ಈಗೀಗ ನಮ್ಮ ಸಾಹೇಬರಿಗಿಂತ ಮೊದಲು ಈ ಗೆಳೆಯರೇ ನೆನಪಾಗುತ್ತಾರೆ.

ಅವತ್ತು ಸ್ಟುಡಿಯೋದಲ್ಲಿ ಗೊಬ್ಬರದ ಅಂಗಡಿಯ ಖಾಲಿ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಕನ್ನಡದಲ್ಲೇ ಪಾಲು ಬರೆದೆ. ಮಾತು ಹುಡುಗನದು. ಕೀಬೋರ್ಡಿನವನು ನಡುವಿನ ಸಂಗೀತ ತಾನು ಕಟ್ಟಿದ್ದು ಅಂದ, ಅವನಿಗೂ ಬರೆದೆ. ರೆಕಾರ್ಡಿಂಗ್ ಸ್ಟುಡಿಯೋದವರದ್ದು, ಅದೂ ಬರೆದೆ. ಸ್ಟುಡಿಯೋದವರು ಸಹಿಗೆ ಒಲ್ಲೆ ಅನ್ನುತ್ತಾರೆ ಅಂದುಕೊಂಡಿದ್ದೆ. "ನಾಳೆ ಯಾರರ ನಮ್ಮ ಹಾಡು ಕದ್ರ ಇದು ನಮಗೂ ಉಪಯೋಗ ಬರ್ತೈತಲ್ಲ" ಅಂತ ಮೊದಲು ಸಹಿ ಹಾಕಿದ್ದು ಅವರೇ.

ಧಾಟಿ ಯಾರದು ಅಂತ ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ಆಯಿ ಜೋಳ ಬೀಸುವಾಗ ಹಾಡುತ್ತಿದ್ದದ್ದು, ಸ್ವಲ್ಪ ಜೋರು ಮಾಡಿದ್ದೇನೆ ಅಂದ. ಅಲ್ಲಿ ಲಂಡನ್ನಿನಲ್ಲಾದರೆ ನಾವು 'ಟ್ರ್ಯಾಡ್' ಅಂತ ನಾಲ್ಕಕ್ಷರ ಒತ್ತಿ ಮುಂದೆ ಹೋಗುತ್ತೇವೆ, ಅಂದರೆ ಹಳೆಯದು, ಯಾರದೂ ಅಲ್ಲ. ಇಲ್ಲಿ 'ಸಂಪ್ರದಾಯ' ಅಂತ ಬರಿ ಅಂದೆ.

ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬರೆದ. ಧಾಟಿ: ಆಯಿದು. ಪಾಲಿನ ಜಾಗದಲ್ಲಿ ಏನು ಬರೆಯಬೇಕು ಅಂತ ನನ್ನ ಮುಖ ನೋಡಿದ.

ಅಷ್ಟರಲ್ಲಿ ಕೆಳಗಿನಿಂದ ಚಹಾ ಬಂತು.